ಒಂದು ವಾಕ್ಯದ ಬೆಲೆ

ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರ ವಿಮಾ ವಿಭಾಗದ ಕಿಟಕಿಯ ಮುಂದೆ ನಡುವಯಸ್ಸಿನ ಗೃಹಸ್ಥನೊಬ್ಬ ನಿಂತಿದ್ದಾನೆ. ಕಂಕುಳಲ್ಲಿ ಕಡತ, ಕೈಯಲ್ಲಿ ಅದೇ ತಾನೇ ಬಂದ ಪತ್ರ. ಮೇಲಿನ ಅಂತಸ್ತಿನಲ್ಲಿ ಅವನ ಮಡದಿ ಮೊದಲನೆಯ ಕೀಮೋಥೆರಪಿಗಾಗಿ ಕಾಯುತ್ತಿದ್ದಾಳೆ. ಪತ್ರದಲ್ಲಿರುವುದು ಒಂದೇ ಮಾತು: ಪಾಲಿಸಿ ಪಡೆಯುವ ಮೊದಲೇ ಇದ್ದ ವ್ಯಾಧಿ, ಆದ್ದರಿಂದ ಮಂಜೂರಾತಿ ಇಲ್ಲ.

ಇಂಥ ಗೃಹಸ್ಥರು ಇಂದು ಯಾವ ಊರಿನ ಆಸ್ಪತ್ರೆಯಲ್ಲಾದರೂ ಕಾಣಸಿಗುತ್ತಾರೆ. ಪಾಲಿಸಿ ಪಡೆದು ಎರಡು ವರ್ಷವಾಗಿದೆ. ಕಂತು ಒಂದೂ ತಪ್ಪಿಲ್ಲ. ಹಾಗಿದ್ದರೆ ಎಡವಿದ್ದೆಲ್ಲಿ? ದಾಖಲಾದ ದಿನ ಕಿರಿಯ ವೈದ್ಯರು, “ಎದೆಯಲ್ಲಿ ಗಂಟು ಎಷ್ಟು ದಿನದಿಂದ ಇದೆಯಮ್ಮ?” ಎಂದು ಕೇಳಿದ್ದರು. ಆಕೆ ಭಯದ ಭರದಲ್ಲಿ, “ಎರಡು ಮೂರು ವರ್ಷವಾಗಿರಬಹುದು, ಡಾಕ್ಟರೇ” ಎಂದಿದ್ದಳು. ಆ ಅಂದಾಜಿನ ಮಾತು ಕಡತದಲ್ಲಿ ಖಚಿತ ಸಂಗತಿಯಾಗಿ ಕುಳಿತುಬಿಟ್ಟಿತು.

ಇಲ್ಲಿ ವಾಚಕರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಭಾರತೀಯ ವಿಮಾ ನಿಯಂತ್ರಣ ಪ್ರಾಧಿಕಾರವು 2024ರಲ್ಲಿ ಜಾರಿಗೆ ತಂದ ನಿಯಮದ ಪ್ರಕಾರ, ಪಾಲಿಸಿ ಆರಂಭವಾಗುವ ಹಿಂದಿನ 36 ತಿಂಗಳೊಳಗೆ ವೈದ್ಯರು ಗುರುತಿಸಿದ, ಇಲ್ಲವೇ ವೈದ್ಯರಿಂದ ಸಲಹೆ ಅಥವಾ ಚಿಕಿತ್ಸೆ ಪಡೆದ ವ್ಯಾಧಿಯೇ ‘ಮೊದಲೇ ಇದ್ದ ವ್ಯಾಧಿ’. ಯಾವ ವೈದ್ಯರಿಗೂ ತೋರಿಸದ, ಯಾವ ಪರೀಕ್ಷೆಗೂ ಒಳಗಾಗದ ಗಂಟು ಈ ಲಕ್ಷಣದೊಳಗೆ ಬರುವುದು ಕಷ್ಟ. ಅರ್ಬುದವೆಂದು ಖಚಿತವಾದುದು ಬಯಾಪ್ಸಿ ವರದಿ ಬಂದ ದಿನ. ಆ ವರದಿಯ ದಿನಾಂಕ, ಚಿಕಿತ್ಸಕ ವೈದ್ಯರ ಸ್ಪಷ್ಟೀಕರಣ ಪತ್ರ, ಇವೆರಡೇ ಆ ಗೃಹಸ್ಥನ ಆಯುಧಗಳು. ಆದರೆ ಪಾಲಿಸಿಯ ಅರ್ಜಿಯಲ್ಲಿ ಇಂಥ ಗಂಟಿನ ಬಗ್ಗೆ ಪ್ರಶ್ನೆಯಿದ್ದು, ತಿಳಿದೂ ಮರೆಮಾಚಿದ್ದರೆ ಆ ಆಯುಧಗಳೂ ಮೊಂಡಾದಾವು. ಅರ್ಜಿ ತುಂಬುವ ದಿನದ ಪ್ರಾಮಾಣಿಕತೆಯೇ ಆಪತ್ಕಾಲದ ಬಂಧು.

ನಿಯಮಗಳು ರೋಗಿಯ ಪಕ್ಷದಲ್ಲಿಯೂ ಕೆಲವು ಮಾತು ಹೇಳಿವೆ. ನಗದುರಹಿತ ಚಿಕಿತ್ಸೆಯ ಕೋರಿಕೆಗೆ ಕಂಪನಿಯು ಒಂದು ಗಂಟೆಯೊಳಗೆ ಉತ್ತರಿಸಬೇಕು. ನಿರಾಕರಿಸುವುದಾದರೆ ಪಾಲಿಸಿಯ ಯಾವ ಷರತ್ತಿನ ಮೇರೆಗೆ ಎಂಬುದನ್ನು ತಿಳಿಸಬೇಕು. ಕಂಪನಿಯ ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ಕ್ಲೇಮನ್ನು ತಳ್ಳಿಹಾಕುವಂತಿಲ್ಲ. ಪಾಲಿಸಿ ಸತತವಾಗಿ 60 ತಿಂಗಳು ನಡೆದಿದ್ದರೆ, ವಂಚನೆ ಸಿದ್ಧವಾದ ಹೊರತು, ಸಂಗತಿ ಮುಚ್ಚಿಟ್ಟರೆಂಬ ಕಾರಣದ ಮೇಲೆ ತಕರಾರು ತೆಗೆಯುವಂತಿಲ್ಲ. ನಗದುರಹಿತ ಸೌಲಭ್ಯ ದೊರೆಯದಿದ್ದರೂ, ಹಣ ಕಟ್ಟಿ ರಸೀದಿಗಳೊಡನೆ ಮರುಪಾವತಿ ಕೇಳುವ ದಾರಿ ಮುಚ್ಚುವುದಿಲ್ಲ.

ಅರ್ಬುದದ ಚಿಕಿತ್ಸೆಗೆ ಇನ್ನೊಂದು ತೊಡಕಿದೆ. ಅದು ಒಂದು ದಿನದ ಶಸ್ತ್ರಚಿಕಿತ್ಸೆಯಿಂದ ಮುಗಿಯುವುದಲ್ಲ. ಕೀಮೋಥೆರಪಿ ಹಲವು ಸರದಿಗಳಲ್ಲಿ ನಡೆಯುತ್ತದೆ. ಸಾಮಾನ್ಯವಾಗಿ ಸರದಿಗೊಮ್ಮೆ ಮಂಜೂರಾತಿ ಬೇಡಬೇಕು. ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋದರೂ ‘ಡೇ ಕೇರ್’ ಚಿಕಿತ್ಸೆಯೆಂದು ಪಾಲಿಸಿಗಳು ಅದನ್ನು ಒಪ್ಪುತ್ತವೆ. ಬಾಯಿಯ ಮೂಲಕ ಕೊಡುವ ಕೀಮೋಥೆರಪಿ ಹಾಗೂ ಇಮ್ಯುನೋಥೆರಪಿಯ ಚುಚ್ಚುಮದ್ದುಗಳನ್ನು ಹೊರಗಿಡಬಾರದೆಂದು ಪ್ರಾಧಿಕಾರ 2019ರಲ್ಲಿಯೇ ವಿಧಿಸಿತು. ಆದರೆ ಅವಕ್ಕೆ ಕಂಪನಿಗಳು ಮಿತಿ ಹಾಕಬಹುದು. ಆ ಮಿತಿ ಎಷ್ಟೆಂದು ಆರೋಗ್ಯವಾಗಿದ್ದಾಗಲೇ ಓದಿಕೊಳ್ಳುವುದು ಜಾಣತನ.

ಕಂಪನಿಯ ದೂರು ವಿಭಾಗಕ್ಕೆ ಬರೆದು ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತಾರದಿದ್ದರೆ, ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಕರ್ನಾಟಕದವರಿಗೆ ಅವರ ಕಚೇರಿ ಬೆಂಗಳೂರಿನಲ್ಲಿಯೇ ಇದೆ. ಶುಲ್ಕವಿಲ್ಲ, 50 ಲಕ್ಷ ರೂಪಾಯಿಯವರೆಗಿನ ವ್ಯಾಜ್ಯಗಳನ್ನು ಅವರು ವಿಚಾರಿಸುತ್ತಾರೆ. ನಿರಾಕರಣೆಯಿಂದ ಒಂದು ವರ್ಷದೊಳಗೆ ದೂರು ಸಲ್ಲಬೇಕು.

ಆದರೆ ವ್ಯಾಜ್ಯಕ್ಕೆ ವರ್ಷದ ಅವಕಾಶವಿದ್ದರೂ ರೋಗಕ್ಕೆ ಅಷ್ಟು ತಾಳ್ಮೆಯಿಲ್ಲ. ಆದ್ದರಿಂದ ಕಾಗದದ ಹೋರಾಟ ಒಂದು ಕಡೆ ಸಾಗಲಿ, ಚಿಕಿತ್ಸೆ ನಿಲ್ಲದಿರಲಿ ಎಂಬುದೇ ವಿವೇಕ. ಅರ್ಹ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವುಂಟು. ಬೆಂಗಳೂರಿನಲ್ಲಿ ಸರ್ಕಾರದ ಕಿದ್ವಾಯಿ ಸಂಸ್ಥೆಯೂ ಇದೆ.

ಕಿಟಕಿಯ ಮುಂದಿದ್ದ ಗೃಹಸ್ಥ ಪತ್ರವನ್ನು ಮಡಿಚಿ ಕಡತದಲ್ಲಿಟ್ಟ. ಬಯಾಪ್ಸಿ ವರದಿಯನ್ನು ಹೊರತೆಗೆದು ವೈದ್ಯರ ಕೊಠಡಿಯತ್ತ ಹೆಜ್ಜೆ ಹಾಕಿದ. ಒಂದು ವಾಕ್ಯ ಮುಚ್ಚಿದ ಬಾಗಿಲನ್ನು ಇನ್ನೊಂದು ವಾಕ್ಯದಿಂದ ತಟ್ಟಬೇಕಾಗಿದೆ. ಮೇಲಿನ ಅಂತಸ್ತಿನಲ್ಲಿ ಕಾಯುತ್ತಿರುವವಳಿಗೆ ಆತ ಹೇಳಿಕಳಿಸಿದ್ದು ಇಷ್ಟೇ: “ಹೆದರಬೇಡ, ಇವತ್ತೇ ಔಷಧ ಶುರುವಾಗುತ್ತದೆ.”