ಅಳಿವೆಯ ಚಿಪ್ಪು, ಅಳಿವಿನ ಲೆಕ್ಕ

ಯಾಣದ ಕಾಡನ್ನು ಹೊಕ್ಕವನೆದುರು 120 ಮೀಟರು ಎತ್ತರದ ಭೈರವೇಶ್ವರ ಶಿಖರವೂ ಅದರ ಬಳಿ 90 ಮೀಟರಿನ ಮೋಹಿನಿ ಶಿಖರವೂ ಮರಗಳ ನಡುವಿನಿಂದ ಒಮ್ಮೆಲೇ ಎದ್ದು ನಿಂತಾಗ, ಭಸ್ಮಾಸುರನ ಕಥೆ ತಾನಾಗಿಯೇ ನೆನಪಿಗೆ ಬರುವುದು. ಕಥೆಗೆ ಸಲ್ಲತಕ್ಕ ಗೌರವ ಸಲ್ಲಲಿ. ಆದರೆ ಕಲ್ಲಿನ ವಿಷಯದಲ್ಲಿಯೂ ಕಡಲ ಜೀವಿಗಳ ವಿಷಯದಲ್ಲಿಯೂ ಓದಿದವರಲ್ಲೇ ಬೇರೂರಿರುವ ಕೆಲವು ಎಣಿಕೆಗಳನ್ನು ಒರೆಗೆ ಹಚ್ಚುವುದು ಉಚಿತ.

ಕಲ್ಪನೆ: ಯಾಣದ್ದು ಸುಣ್ಣಕಲ್ಲು; ಒಡೆದರೆ ಶಂಖ ಚಿಪ್ಪುಗಳು ಸಿಕ್ಕಾವು.

ಸತ್ಯ: ಸಿಕ್ಕಲಾರವು. ಮಳೆನೀರು ಯುಗಯುಗಾಂತರ ಕರಗಿಸಿ ಕೊರೆದಿರುವ ಈ ಶಿಲೆ ಧಾರವಾಡ ಶಿಲಾಶ್ರೇಣಿಗೆ ಸೇರಿದ್ದು. 250 ಕೋಟಿ ವರ್ಷಗಳಿಗೂ ಹಿಂದಿನದು. ಚಿಪ್ಪು ಹೊತ್ತ ಪ್ರಾಣಿಗಳಾದರೋ ಕಾಣಿಸಿಕೊಂಡದ್ದು ಸುಮಾರು 54 ಕೋಟಿ ವರ್ಷಗಳ ಹಿಂದೆ. ಇದೇ ಶ್ರೇಣಿಯ ಚಿತ್ರದುರ್ಗ ಸೀಮೆಯ ಸುಣ್ಣಕಲ್ಲುಗಳಲ್ಲಿ ಕಾಣುವುದು ಸೂಕ್ಷ್ಮಜೀವಿಗಳು ಪದರಪದರವಾಗಿ ಕಟ್ಟಿದ ಸ್ಟ್ರೊಮ್ಯಾಟೊಲೈಟ್ ಮಾತ್ರ.

ಕಲ್ಪನೆ: ಸಮುದ್ರ ಅಪಾರ, ಅದರ ಸಂತತಿ ಅಕ್ಷಯ.

ಸತ್ಯ: ನಮ್ಮ ದೇವರ ಪೆಟ್ಟಿಗೆಯಲ್ಲಿಯೇ ಇದಕ್ಕೆ ಪ್ರತ್ಯುತ್ತರವಿದೆ. ಗಂಡಕೀ ನದಿಯಿಂದ ಬಂದ ಸಾಲಿಗ್ರಾಮದೊಳಗಣ ಚಕ್ರ, ವಜ್ರಕೀಟ ಕೊರೆದದ್ದೆಂದು ಪುರಾಣ ಹೇಳುವ ಆ ಸುರುಳಿ, ಒಂದಾನೊಂದು ಕಾಲದಲ್ಲಿ ಕಡಲಲ್ಲಿ ಈಜಿದ ಅಮೊನೈಟಿನ ಚಿಪ್ಪಿನ ಅಚ್ಚು. ಮೂವತ್ತು ಕೋಟಿಗೂ ಮಿಕ್ಕ ವರ್ಷ ಬಾಳಿದ ಆ ಕುಲ 6.6 ಕೋಟಿ ವರ್ಷಗಳ ಹಿಂದಿನ ಮಹಾವಿನಾಶದಲ್ಲಿ ನಿರ್ವಂಶವಾಯಿತು. ಅದಕ್ಕಿಂತ ಘೋರವಾದುದು 25.2 ಕೋಟಿ ವರ್ಷಗಳ ಹಿಂದೆ ನಡೆಯಿತು: ಸೈಬೀರಿಯದ ಜ್ವಾಲಾಮುಖಿಗಳು ಉಗುಳಿದ ಅನಿಲದಿಂದ ಕಡಲು ಕಾದು, ಪ್ರಾಣವಾಯು ಕುಗ್ಗಿ, ಸಮುದ್ರಜೀವಿಗಳ ಪ್ರಭೇದಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಅಳಿದುಹೋದವು.

ಕಲ್ಪನೆ: ಒಂದೆಡೆ ರಾಶಿರಾಶಿಯಾಗಿರುವುದೂ ದೇಹಬಲದಲ್ಲಿ ದೊಡ್ಡದೂ ಉಳಿಯುತ್ತದೆ.

ಸತ್ಯ: ಕಲ್ಲು ಹೇಳುವ ಸಾಕ್ಷ್ಯ ಬೇರೆ. ಎಷ್ಟು ಸಂಖ್ಯೆಯಲ್ಲಿದೆ ಎಂಬುದಕ್ಕಿಂತ ಎಷ್ಟು ದೂರ ಹರಡಿದೆ ಎಂಬುದೇ ಬಹುವಾಗಿ ಉಳಿವನ್ನು ನಿರ್ಣಯಿಸಿದೆ. 6.6 ಕೋಟಿ ವರ್ಷಗಳ ಹಿಂದಿನ ಮಹಾವಿನಾಶವನ್ನು ದಾಟಿ ಕೆಲಕಾಲ ಉಸಿರು ಹಿಡಿದ ಅಮೊನೈಟುಗಳು ಸಹ ವಿಶಾಲವಾಗಿ ಹರಡಿದ್ದ ಬಗೆಯವೇ. ಪಳೆಯುಳಿಕೆ ವಿಜ್ಞಾನಿ ಸೆತ್ ಫಿನ್ನೆಗನ್ ಮತ್ತು ಸಂಗಡಿಗರು ಕಳೆದ 2.3 ಕೋಟಿ ವರ್ಷಗಳ ಪಳೆಯುಳಿಕೆಗಳನ್ನು ಆಧರಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಿರಿದಾದ ನೆಲೆಯುಳ್ಳ ಕುಲಗಳಿಗೂ ಸಮುದ್ರದ ಸಸ್ತನಿಗಳಿಗೂ ಅಪಾಯ ಹೆಚ್ಚೆಂದೂ, ಚಿಪ್ಪುಜೀವಿಗಳಿಗೆ ಅಷ್ಟಿಲ್ಲವೆಂದೂ ಕಂಡುಬಂದಿತು. ಇಂದಿನ ವಿಪತ್ತಾದರೋ ಹಿಂದಿನವುಗಳಂತಲ್ಲ: ಬಲೆಯೂ ಈಟಿಯೂ ಮೊದಲು ಅರಸುವುದು ದೊಡ್ಡ ದೇಹವನ್ನು. 1741ರಲ್ಲಿ ಲೋಕಕ್ಕೆ ಪರಿಚಯವಾದ ಸ್ಟೆಲ್ಲರನ ಬೃಹತ್ ಕಡಲಹಸು ಮೂವತ್ತು ವರ್ಷ ತುಂಬುವ ಮೊದಲೇ ಇಲ್ಲವಾಯಿತು.

ಕಲ್ಪನೆ: ಸತ್ತ ಚಿಪ್ಪು ಬದುಕಿರುವುದರ ವಿಷಯವಾಗಿ ಏನು ಹೇಳೀತು?

ಸತ್ಯ: ಮೆದುಮೈಯ ಜೀವಿಗಳು ಗುರುತುಳಿಸುವುದು ವಿರಳವೆಂಬುದು ದಿಟ, ಆದರೆ ಚಿಪ್ಪಿನವುಗಳ ಲೆಕ್ಕ ತಕ್ಕಮಟ್ಟಿಗೆ ಪೂರ್ಣವಾಗಿದೆ. ಯಾಣದಿಂದ ಇಳಿದು ಅಘನಾಶಿನಿ ನದಿಯ ಅಳಿವೆಗೆ ಬಂದು ಬಳಚೆಂಬ ಜೋಡಿಚಿಪ್ಪಿನ ಜೀವಿಯ ಚಿಪ್ಪೊಂದರ ಬೆನ್ನ ಮೇಲೆ ಬೆರಳಾಡಿಸಿರಿ: ಒಂದರ ಹೊರಗೊಂದಾಗಿ ಬಾಗಿದ ಆ ಗೆರೆಗಳು ಅದು ಬೆಳೆದ ದಿನಗಳ ದಿನಚರಿ. ಅಲ್ಲಿಯ ಕೆಸರಿನಡಿ ಹೂತು, ಸುಣ್ಣಕ್ಕೆಂದು ಅಗೆಯಲ್ಪಡುವ ಹಳೆಯ ಚಿಪ್ಪುಗಳೂ ಅದೇ ಲಿಪಿಯಲ್ಲಿವೆ. ಮೇಲಿನದನ್ನೂ ಕೆಳಗಿನದನ್ನೂ ಹೋಲಿಸಿದರೆ ಯಾವುದು ಕುಗ್ಗಿತು, ಯಾವುದು ಮಾಯವಾಯಿತು ಎಂಬುದನ್ನು ಅಳೆಯಬಹುದು.

ಈ ಅಳಿವೆಯನ್ನು 2024ರಲ್ಲಿ ರಾಮ್ಸಾರ್ ತಾಣ, ಅಂದರೆ ಅಂತಾರಾಷ್ಟ್ರೀಯ ಮಹತ್ವದ ಜೌಗುನೆಲೆ, ಎಂದು ಘೋಷಿಸಲಾಯಿತು. ಬಳಚು ಬೇರೆ ಅಳಿವೆಗಳಲ್ಲಿಯೂ ಇರುವುದರಿಂದ, ಕಲ್ಲಿನ ಲೆಕ್ಕದಂತೆ, ಅದರ ಕುಲ ಬೇಗನೆ ಅಳಿಯಲಿಕ್ಕಿಲ್ಲ. ಆದರೆ ಕುಲ ಉಳಿಯುವುದು ಬೇರೆ, ಈ ದಡದಲ್ಲಿ ಉಳಿಯುವುದು ಬೇರೆ. ಇಳಿತದ ಹೊತ್ತಿನಲ್ಲಿ ಮೊಳಕಾಲುದ್ದ ನೀರಿಗಿಳಿದು ಕೆಸರು ಕೆದಕುವ ಹೆಂಗಸಿನ ಬುಟ್ಟಿ, ಮತ್ತೆಲ್ಲಿಯದೋ ಅಳಿವೆಯ ಬಳಚಿನಿಂದ ತುಂಬುವುದಿಲ್ಲ.