ತೆಂಗಿನ ತೊಲೆಗೆ ತಕ್ಕ ಮೊಳೆ

ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕು ತೆಂಗಿನ ಬೆಳೆಗೆ ಹೆಸರಾದುದು. ಬಾಗೂರಿನಂತಹ ಊರುಗಳಿರುವ ಈ ಸೀಮೆಯಲ್ಲಿ ಫಸಲು ನಿಂತ ತೆಂಗಿನ ಕಾಂಡವು ತೊಲೆ, ಜಂತಿ ಇಲ್ಲವೆ ಕೊಟ್ಟಿಗೆಯ ಕಂಬವಾಗಬಲ್ಲುದಾದರೂ, ಅದಕ್ಕೆ ಯಾವ ಮೊಳೆ ಹೊಡೆಯಬೇಕೆಂಬುದನ್ನು ಮರದ ಒಳರಚನೆಯೇ ನಿರ್ಧರಿಸುತ್ತದೆ.

ಮೊಳೆಯು ಮರದಲ್ಲಿ ನಿಲ್ಲುವುದು ಘರ್ಷಣೆಯಿಂದ, ಅಂದರೆ ಎರಡು ಮೈಗಳು ಒತ್ತಿಕೊಂಡಾಗ ಜಾರುವಿಕೆಯನ್ನು ತಡೆಯುವ ಬಲದಿಂದ. ಮೊಳೆಯ ತುದಿಯು ಬದಿಗೆ ಸರಿಸಿದ ನಾರುಗಳು ಮತ್ತೆ ಹಿಂದಿರುಗಲು ಯತ್ನಿಸುತ್ತ ಅದರ ಮೈಯನ್ನು ಬಿಗಿಯಾಗಿ ಒತ್ತಿ ಹಿಡಿಯುತ್ತವೆ. ಹಸಿ ಮರವು ಒಣಗಿದಾಗ ಈ ಒತ್ತಡ ತಗ್ಗುವುದರಿಂದ ಮೊಳೆ ಸಡಿಲವಾಗುತ್ತದೆ.

ತೆಂಗು ಏಕದಳ ಸಸ್ಯವಾದ್ದರಿಂದ ಅದರ ಕಾಂಡದಲ್ಲಿ ತೇಗದಲ್ಲಿರುವಂತೆ ವಾರ್ಷಿಕ ಉಂಗುರಗಳಿಲ್ಲ; ನೀರು ಮತ್ತು ಆಹಾರವನ್ನು ಸಾಗಿಸುವ ನಾರಿನ ಕಟ್ಟುಗಳು ಹೊರ ಅಂಚಿನಲ್ಲಿ ಒತ್ತಾಗಿಯೂ ನಡುವಿನಲ್ಲಿ ವಿರಳವಾಗಿಯೂ ಇರುತ್ತವೆ. ಒಣಗಿದ ಹೊರಭಾಗದ ಸಾಂದ್ರತೆಯು ಘನ ಮೀಟರಿಗೆ 600 ಕಿಲೋಗ್ರಾಂ ಮೀರಬಹುದಾದರೆ, ತಿರುಳಿನದು 400ಕ್ಕೂ ಕಡಿಮೆಯಿರುತ್ತದೆ. ಆದ್ದರಿಂದ ಒಂದೇ ಮೊಳೆಯು ಅಂಚಿನಲ್ಲಿ ಬಾಗುತ್ತದೆ, ತಿರುಳಿನಲ್ಲಿ ಸುಲಭವಾಗಿ ಕಿತ್ತು ಬರುತ್ತದೆ.

ಗಟ್ಟಿ ಭಾಗಕ್ಕೆ ಬೈರಿಗೆಯಿಂದ ಮೊಳೆಯ ದಪ್ಪಕ್ಕಿಂತ ತುಸು ಕಿರಿದಾದ ರಂಧ್ರವನ್ನು ಮೊದಲೇ ಕೊರೆದರೆ ಮೊಳೆ ಬಾಗದು, ಮರವೂ ಸೀಳದು. ಕೆಲವು ಬಡಗಿಗಳು ಮೊಳೆಯ ತುದಿಯನ್ನು ಸುತ್ತಿಗೆಯಿಂದ ಮೊಂಡಾಗಿಸುವುದಕ್ಕೂ ಇದೇ ಕಾರಣ: ಚೂಪು ತುದಿಯು ಬೆಣೆಯಂತೆ ನಾರುಗಳನ್ನು ಸೀಳಿದರೆ, ಮೊಂಡು ತುದಿಯು ಅವುಗಳನ್ನು ತುಂಡರಿಸಿ ಸಾಗುತ್ತದೆ. ಮೈಮೇಲೆ ಉಂಗುರಗಳಂತಹ ಏಣುಗಳಿರುವ ವಿಶೇಷ ಮೊಳೆಗಳಲ್ಲಿ ನಾರುಗಳು ಏಣುಗಳ ನಡುವೆ ಸಿಕ್ಕಿಕೊಳ್ಳುವುದರಿಂದ, ನುಣುಪು ಮೊಳೆಗಿಂತ ಹಿಡಿತ ಹೆಚ್ಚು.

ತಗಡಿನ ಮಾಡಿನಲ್ಲಿ ಗಾಳಿಯು ಹಾಳೆಯನ್ನು ಮೇಲಕ್ಕೆಳೆಯುವುದರಿಂದ, ಬಲವನ್ನು ಹರಡುವ ಅಗಲ ತಲೆ ಮತ್ತು ನೀರನ್ನು ತಡೆಯುವ ವಾಷರ್ ಇರುವ ಮೊಳೆಯನ್ನು ಅಲೆಯ ಏರುಭಾಗದಲ್ಲಿ ಹೊಡೆಯಲಾಗುತ್ತದೆ. ಇದರ ಮೇಲಿನ ಸತುವಿನ ಲೇಪವು ಕಬ್ಬಿಣಕ್ಕಿಂತ ಮೊದಲು ತಾನೇ ಸವೆದು ತುಕ್ಕನ್ನು ದೂರವಿಡುತ್ತದೆ. ಗೋಡೆಗೆ ಬಳಸುವ ಕಾಂಕ್ರೀಟ್ ಮೊಳೆಯನ್ನು ಬಾಗದಂತೆ ಗಡುಸುಗೊಳಿಸಿದ ಉಕ್ಕಿನಿಂದ ಮಾಡುತ್ತಾರೆ. ಅದು ಸಿಡಿದು ಚೂರಾಗಬಲ್ಲುದಾದ್ದರಿಂದ ಹೊಡೆಯುವವರು ಕಣ್ಣಿಗೆ ರಕ್ಷಣೆ ಧರಿಸಲೇಬೇಕು.

ತೊಲೆಯ ಬೆಲೆಯೆದುರು ಮೊಳೆಯ ಬೆಲೆ ಅಲ್ಪವಾದರೂ ಜೋಡಣೆಯ ಬಾಳಿಕೆ ನಿಂತಿರುವುದು ಅದರ ಮೇಲೆಯೇ. ಆದುದರಿಂದ ಮನೆ ಕಟ್ಟುವವರು ಮರವನ್ನು ಆರಿಸುವಷ್ಟೇ ಎಚ್ಚರದಿಂದ ಮೊಳೆಯನ್ನೂ ಆರಿಸಬೇಕು.