ಮದ್ಯಕ್ಕೂ ಲೈಂಗಿಕ ಆರೋಗ್ಯಕ್ಕೂ ಏನು ಸಂಬಂಧ?

ಮದ್ಯ ಮೊದಲು ಮಂಕಾಗಿಸುವುದು ವಿವೇಚನೆಯನ್ನು. ಅಮಲಿನಲ್ಲಿ ಜೇಬಿನಲ್ಲೇ ಇರುವ ಕಾಂಡೋಮ್ ಕೂಡ ಮರೆತುಹೋಗುತ್ತದೆ. ಎಚ್‌ಐವಿ, ಸಿಫಿಲಿಸ್, ಬೇಡದ ಗರ್ಭದ ಅಪಾಯ ಹೆಚ್ಚುತ್ತದೆ. ಅಮಲಿನಿಂದ ಏನು ನಡೆಯುತ್ತಿದೆ ಎಂಬ ಅರಿವೇ ಇಲ್ಲದ ಹೆಣ್ಣಿನ ಒಪ್ಪಿಗೆಯನ್ನು ಕಾನೂನು ಒಪ್ಪಿಗೆಯೆಂದು ಪರಿಗಣಿಸುವುದಿಲ್ಲ.

ಇಂಥ ಅಪಾಯ ತಪ್ಪಿಸಲೆಂದು ಕಾಲೇಜುಗಳ ರೆಡ್ ರಿಬ್ಬನ್ ಕ್ಲಬ್‌ಗಳು ಎಚ್‌ಐವಿ ಕುರಿತು ತಿಳಿವಳಿಕೆ ನೀಡುತ್ತವೆ. ಪಾಪಿನಾಯಕನಹಳ್ಳಿಯಂಥ ಊರಿನಿಂದ ಹೊಸಪೇಟೆಗೆ ಓದಲು ಹೋಗುವ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೂ ಇದು ತಲುಪಲೇಬೇಕು. ಕುಡಿತದ ಮಾತೇ ನಿಷಿದ್ಧವಾದ ಮನೆಯ ಮಕ್ಕಳು ಎಡವಿದಾಗ ಭಯದಿಂದ ಬಾಯಿ ಬಿಡುವುದಿಲ್ಲ, ಚಿಕಿತ್ಸೆ ತಡವಾಗುತ್ತದೆ.

ಸರ್ಕಾರಿ ಐಸಿಟಿಸಿ (ಸಮಗ್ರ ಆಪ್ತಸಮಾಲೋಚನೆ ಮತ್ತು ಪರೀಕ್ಷಾ) ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತ. ಫಲಿತಾಂಶದ ಗೋಪ್ಯತೆಗೆ 2017ರ ಎಚ್‌ಐವಿ-ಏಡ್ಸ್ ಕಾಯ್ದೆಯ ರಕ್ಷಣೆಯಿದೆ. ಎಚ್‌ಐವಿ ತಗುಲಿರುವ ಅನುಮಾನವಿದ್ದರೆ, ಆ ಸಂಪರ್ಕವಾದ 72 ಗಂಟೆಯೊಳಗೆ ವೈದ್ಯರನ್ನು ಕಂಡು, ತಡೆ ಔಷಧಿಯನ್ನು 28 ದಿನ ತೆಗೆದುಕೊಳ್ಳಬೇಕು. 1097 ಏಡ್ಸ್ ಸಹಾಯವಾಣಿಗೆ ಕರೆ ಉಚಿತ.